ನಾಲೆ ಏರಿಯ ಮೇಲಿನ ಮುಳ್ಳು

ಮಂಡ್ಯದ ಪೇಟೆ ಬೀದಿಯ ಹಿಂದಿನ ಓಣಿಯಲ್ಲಿ ತಿರುಮಲಮ್ಮನವರನ್ನು ಅರಿಯದವರು ಯಾರೂ ಇಲ್ಲ. ಅವರ ಬಾಯಿಗೆ ಹೆದರದವರೂ ಯಾರೂ ಇಲ್ಲ. ಹಾಲಿನವನು ನೀರು ಬೆರೆಸಿದರೆ ಬೀದಿಗೆಲ್ಲ ಕೇಳುವಂತೆ ಹೇಳುವವರು ಅವರು. ಪಕ್ಕದ ಮನೆಯ ಸೊಸೆ ಬಾಣಂತಿಯಾದರೆ ಬೇಳೆಯ ಕಟ್ಟು ಕಾಸಿ ಕೊಟ್ಟು ಬರುವವರೂ ಅವರೇ. ಒಳ್ಳೆಯ ಮನಸ್ಸು, ಅವಸರದ ನಾಲಿಗೆ. ಎರಡು ವರ್ಷದ ಹಿಂದೆ, ಮಹಾಯುದ್ಧ ಇನ್ನೂ ಮುಗಿಯದಿದ್ದಾಗ, ಆ ನಾಲಿಗೆಯಿಂದ ಒಂದು ದೊಡ್ಡ ಎಡವಟ್ಟು ಆಯಿತು. ಅದನ್ನು ಮುಚ್ಚಿಡಬೇಡಿ, ಹೇಳಿ, ನಾಲ್ಕು ಜನಕ್ಕೆ ಉಪಯೋಗವಾಗಲಿ ಎಂದು ಸ್ವತಃ ತಿರುಮಲಮ್ಮನವರೇ ಹೇಳಿದ್ದಾರೆ. ಅದಕ್ಕೇ ಈ ಕಥೆ.

ತಿರುಮಲಮ್ಮನವರ ಮಗ ಅನಂತರಾಮು ಸ್ಕೂಲು ಮೇಷ್ಟ್ರು. ಸೊಸೆ ಪಂಕಜಮ್ಮ. ಒಬ್ಬಳೇ ಮೊಮ್ಮಗಳು ಯಶೋದೆ, ಒಂಬತ್ತು ವರ್ಷ. ಆ ವರ್ಷ ಯಶೋದೆಗೆ ವಿಷಮಜ್ವರ ಬಂದು ಎರಡು ತಿಂಗಳು ಚಾಪೆ ಹಿಡಿದಳು. ಜ್ವರವೇನೋ ಬಿಟ್ಟಿತು. ಆದರೆ ಹೋಗುವಾಗ ಕಾಲಿನ ಕಸುವನ್ನೆಲ್ಲ ಹೊತ್ತುಕೊಂಡು ಹೋಯಿತು. ಹುಡುಗಿ ಎದ್ದರೆ ಗೋಡೆ ಹಿಡಿಯಬೇಕು. ನಾಲ್ಕು ಹೆಜ್ಜೆ ಇಟ್ಟರೆ ಕೂರಬೇಕು. ಓಣಿಯ ಮಕ್ಕಳು ಕುಂಟೆಬಿಲ್ಲೆ ಆಡುವಾಗ ಜಗಲಿಯ ಮೇಲೆ ಕೂತು, ಯಾರು ಗೆರೆ ತುಳಿದರು ಎಂದು ಹೇಳುವುದಷ್ಟೇ ಅವಳ ಪಾಲಿಗೆ ಬಂದ ಆಟ.

ಆಸ್ಪತ್ರೆಯ ಡಾಕ್ಟರು ಅವಳ ಮಂಡಿಯನ್ನು ಬಗ್ಗಿಸಿ, ಚಾಚಿ ನೋಡಿದರು. "ಔಷಧಿ ಕೆಲಸ ಮುಗೀತು ಮೇಷ್ಟ್ರೇ. ಇನ್ನು ಕಾಲಿನ ಕೆಲಸ. ದಿನಾ ಒಳ್ಳೆ ಗಾಳೀಲಿ ಒಂದು ಗಂಟೆ ನಡೆಸಿ. ನಡಿಯೋಕಾಗದಿದ್ರೆ ಸೈಕಲ್ ತುಳಿಸಿ. ಭಾರ ಸೀಟಿನ ಮೇಲೆ ಇರುತ್ತೆ, ಕಾಲು ಆಡುತ್ತೆ. ಈಗ ಬಿಟ್ರೆ ಕಾಲು ಹೀಗೇ ಉಳಿದುಬಿಡಬಹುದು" ಎಂದರು.

ಈ ಮಾತು ಮನೆಗೆ ಬಂದದ್ದೇ ತಡ, ತಿರುಮಲಮ್ಮನವರು ಸೆರಗು ಸಿಕ್ಕಿಸಿಕೊಂಡು ನಿಂತರು.

"ಹೆಣ್ಣುಮಗು ಸೈಕಲ್ ತುಳಿಯೋದೇನೋ ಅನಂತು? ಅದೂ ಎಲ್ಲಿ? ರಸ್ತೇಲಾ? ನೋಡಿದೀಯಾ ರಸ್ತೇನ?"

ರಸ್ತೆಯ ಮಾತು ಸುಳ್ಳಲ್ಲ. ಸುಗ್ಗಿ ಬಂತೆಂದರೆ ಸಕ್ಕರೆ ಕಾರ್ಖಾನೆಗೆ ಹೋಗುವ ಕಬ್ಬಿನ ಗಾಡಿಗಳು ಮೈಲಿಗಟ್ಟಲೆ ಸಾಲು ನಿಲ್ಲುತ್ತಿದ್ದವು. ಪೆಟ್ರೋಲು ಸಿಗದ ಕಾಲ, ಬಸ್ಸುಗಳು ಬೆನ್ನಿಗೆ ಹಂಡೆ ಕಟ್ಟಿಕೊಂಡು ಇದ್ದಿಲ ಹೊಗೆ ಕಾರುತ್ತಾ ಓಡುತ್ತಿದ್ದವು. ದೊಡ್ಡವರೇ ರಸ್ತೆ ದಾಟಲು ಎರಡು ಸಲ ಯೋಚಿಸುತ್ತಿದ್ದರು.

"ರಸ್ತೇಲಲ್ಲಮ್ಮ, ನಾಲೆ ಏರಿ ಮೇಲೆ" ಎಂದರು ಪಂಕಜಮ್ಮ. "ಹನಕೆರೆ ಕಡೆಗೆ ಹೋಗೋ ಕವಲು ನಾಲೆ ಇದೆಯಲ್ಲ, ಅದರ ಏರಿ ಮೇಲೆ ಒಂದೂವರೆ ಮೈಲಿ ದಾರಿ ಮಾಡಿದಾರೆ. ಗಾಡಿ ಇಲ್ಲ, ಬಸ್ಸಿಲ್ಲ. ಕೊನೇಲಿ ತೂಬಿನ ಹತ್ರ ಒಂದು ಪುಟ್ಟ ಪಾರ್ಕು. ಎಷ್ಟೋ ಜನ ಮಕ್ಕಳನ್ನ ಕರ್ಕೊಂಡು ಸಂಜೆ ಹೋಗ್ತಾರೆ."

"ಪಾರ್ಕಂತೆ! ಅನ್ನ ಬಿಟ್ಟು ಗಾಳಿ ತಿನ್ನೋಕೆ ಹೋಗ್ತಾರಾ? ನೀರಿನ ಪಕ್ಕ ಮಗು ಬಿಟ್ಟು ನೀನು ಹರಟೆ ಹೊಡೀತೀಯ."

"ಹಾಗಾದ್ರೆ ನೀವೇ ಬನ್ನಿ. ನಿಮ್ಮಷ್ಟು ಚೆನ್ನಾಗಿ ಯಾರು ಕಾಯ್ತಾರೆ?"

ಪಂಕಜಮ್ಮ ಮೆಲುದನಿಯ ಹೆಂಗಸು. ಆದರೆ ಅತ್ತೆಯನ್ನು ಎಲ್ಲಿ ಹಿಡಿದರೆ ಬಗ್ಗುತ್ತಾರೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಆ ದಾರಿಯನ್ನು ಸರ್ಕಾರ ಮಾಡಿದ್ದಲ್ಲ. ಊರಿನ ಇಪ್ಪತ್ತು ಮನೆಯವರು ಸೇರಿ ಏರಿ ದಾರಿ ಕಮಿಟಿ ಅಂತ ಮಾಡಿಕೊಂಡಿದ್ದರು. ನಿವೃತ್ತ ಶಿರಸ್ತೇದಾರರಾದ ವೆಂಕಟೇಶಮೂರ್ತಿ ಅದರ ಮುಖ್ಯಸ್ಥರು. ಸರ್ಕಾರದ ಅಪ್ಪಣೆ ಪಡೆದು, ಏರಿಯ ಹಳ್ಳ ತುಂಬಿಸಿ, ಮೊರಂ ಮಣ್ಣು ಹರಡಿ, ಕಾಲಲ್ಲಿ ತುಳಿದು ಗಟ್ಟಿ ಮಾಡಿದ್ದರು. ಒಂದು ವರ್ಷಕ್ಕೆ ಮಾತ್ರ ಅಪ್ಪಣೆ. ಜನ ಬಳಸದಿದ್ದರೆ ಅದೇ ದಾರಿಯನ್ನು ಕಬ್ಬಿನ ಗಾಡಿಗೆ ಬಿಡುವುದು ಎಂದು ಕರಾರು. ಗಾಡಿಯವರು ಆಗಲೇ ಕಾದು ಕೂತಿದ್ದರು. ಅವರಿಗೆ ಅದು ಒಳದಾರಿ.

ಮಾರನೆಯ ಸಂಜೆ ಅನಂತರಾಮು ಮಗಳನ್ನು ತಮ್ಮ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ತಳ್ಳುತ್ತಾ ಹೊರಟರು. ತಿರುಮಲಮ್ಮನವರು ಹಿಂದೆಯೇ ಗೊಣಗುತ್ತಾ ನಡೆದರು. ಏರಿ ಹತ್ತಿದೊಡನೆ ಗೊಣಗುವುದು ನಿಂತಿತು. ಒಂದು ಕಡೆ ನಾಲೆಯ ನೀರು, ಇನ್ನೊಂದು ಕಡೆ ಕಣ್ಣು ಹರಿಯುವಷ್ಟು ದೂರ ಭತ್ತದ ಗದ್ದೆ. ಗದ್ದೆಯ ಮೇಲಿಂದ ಬರುವ ಗಾಳಿಗೆ ಹಸಿ ಮಣ್ಣಿನ ವಾಸನೆ. ಅಪ್ಪಂದಿರು ಸೈಕಲ್ಲಿನ ಮುಂದೆ ಒಂದು, ಹಿಂದೆ ಒಂದು ಮಗು ಕೂರಿಸಿಕೊಂಡು ನಿಧಾನ ಹೋಗುತ್ತಿದ್ದರು. ಬುರ್ಖಾ ಹಾಕಿದ ಹೆಂಗಸರು, ಮಡಿಲಲ್ಲಿ ಕೂಸು ಕಟ್ಟಿಕೊಂಡ ಒಕ್ಕಲಗಿತ್ತಿಯರು, ಕೋಟು ತೊಟ್ಟ ಗುಮಾಸ್ತರು, ಎಲ್ಲ ಒಂದೇ ದಾರಿಯಲ್ಲಿ. ತಿರುಮಲಮ್ಮನವರು ಮದುವೆಯಾಗಿ ಮಂಡ್ಯಕ್ಕೆ ಬಂದು ನಲವತ್ತು ವರ್ಷವಾಗಿತ್ತು. ಯಾವ ಕೆಲಸವೂ ಇಲ್ಲದೆ ಊರ ಹೊರಗೆ ನಡೆದದ್ದು ಅದೇ ಮೊದಲು.

ತೂಬಿನ ಹತ್ತಿರ ನಯಾಜ್ ಪಾಷಾ ನಿಂತಿದ್ದ. ಪೇಟೆ ಬೀದಿಯಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟಿರುವವನು. ಮುರಿದ ಎರಡು ಸೈಕಲ್ಲುಗಳನ್ನು ಬಿಚ್ಚಿ, ಕೊಯ್ದು, ಬೆಸೆದು, ಮಕ್ಕಳ ಎತ್ತರಕ್ಕೆ ಒಂದು ಪುಟ್ಟ ಸೈಕಲ್ ಮಾಡಿದ್ದ. ದಿನಾ ಸಂಜೆ ಅದನ್ನು ಪಾರ್ಕಿಗೆ ತಂದು ನಿಲ್ಲಿಸುತ್ತಿದ್ದ. ಯಾರ ಮಗು ಬೇಕಾದರೂ ತುಳಿಯಬಹುದು.

"ಬಾಮ್ಮ, ಕೂತ್ಕೋ" ಎಂದ ಯಶೋದೆಗೆ. "ಬ್ರೇಕು ಇದು. ಮೊದ್ಲು ನಿಲ್ಸೋದು ಕಲಿ, ಆಮೇಲೆ ಓಡ್ಸೋದು. ನೀರಿನ ಕಡೆ ನಾನಿರ್ತೀನಿ, ಗದ್ದೆ ಕಡೆ ನಿಮ್ಮಪ್ಪ ಇರ್ತಾರೆ."

"ಬಿದ್ರೆ?" ಎಂದರು ತಿರುಮಲಮ್ಮ.

"ಬೀಳ್ತಾಳೆ ಅಮ್ಮಾವ್ರೇ, ಬೀಳದೆ ಯಾರು ಕಲ್ತಿದಾರೆ? ಮಣ್ಣು ಮೆತ್ಗಿದೆ. ರಸ್ತೆ ಆಗಿದ್ರೆ ನಾನೇ ಬೇಡ ಅಂತಿದ್ದೆ."

ಯಶೋದೆಯ ಕಾಲು ಪೆಡಲನ್ನು ಒಂದು ಸುತ್ತು ತಿರುಗಿಸಲು ಒದ್ದಾಡಿತು. ಪಾಷಾ ಹಿಂದಿನಿಂದ ಒಂದಿಷ್ಟು ತಳ್ಳಿದ. ಎರಡನೆಯ ಸುತ್ತು ತಾನಾಗಿಯೇ ಬಂತು. ಹತ್ತು ಮಾರು ಹೋಗುವಷ್ಟರಲ್ಲಿ ಹುಡುಗಿಯ ಹಣೆಯ ಮೇಲೆ ಬೆವರು ಬಂದಿತ್ತು. ಮುಖದ ಮೇಲೆ ನಗೆಯೂ ಬಂದಿತ್ತು. ಆ ನಗೆಯನ್ನು ಮೂರು ತಿಂಗಳಿಂದ ಯಾರೂ ಕಂಡಿರಲಿಲ್ಲ. ತಿರುಮಲಮ್ಮನವರು ಬೇರೆ ಕಡೆ ತಿರುಗಿ ಮೂಗು ಒರೆಸಿಕೊಂಡರು.

ಅಂದಿನಿಂದ ಅವರು ಒಂದು ಸಂಜೆಯನ್ನೂ ತಪ್ಪಿಸಲಿಲ್ಲ. ದಾರಿಯ ಪಕ್ಕ ಮನೆಗೊಂದು ಸಸಿ ನೆಡಬೇಕೆಂದು ಕಮಿಟಿಯವರು ಹೇಳಿದಾಗ ಎಲ್ಲರಿಗಿಂತ ಮೊದಲು ಕೈ ಎತ್ತಿದವರೂ ಅವರೇ. ತೂಬಿಗೆ ಹತ್ತಿರದ ಜಾಗ ಆರಿಸಿ ಒಂದು ಹೊಂಗೆ ಸಸಿ ನೆಟ್ಟರು. ದಿನಾ ಬೆಳಿಗ್ಗೆ ಸ್ನಾನ ಮುಗಿಸಿ, ಚೊಂಬಿನಲ್ಲಿ ನೀರು ಹಿಡಿದು ಏರಿಗೆ ಹೋಗಿ ಅದಕ್ಕೆ ನೀರೆರೆದು ಬರುತ್ತಿದ್ದರು.

ಮೂರನೆಯ ದಿನ ನೋಡಿದರೆ ಮೇಲಿನ ಎರಡು ಎಲೆ ಇರಲಿಲ್ಲ. ಆಡು ಮೇದಿತ್ತು. ತಿರುಮಲಮ್ಮನವರು ಸುಮ್ಮನಿರುವವರೇ? ಮನೆಗೆ ಸೌದೆ ಹಾಕುತ್ತಿದ್ದ ಮರಿಸಿದ್ದಯ್ಯನನ್ನು ಕರೆದರು.

"ಮರಿಸಿದ್ದಯ್ಯ, ನನ್ನ ಹೊಂಗೆಗೆ ಜಾಲಿ ಮುಳ್ಳಿನ ಬೇಲಿ ಹಾಕ್ಬೇಕು. ಆಡಿನ ಮೂತಿ ಒಳಗೆ ತೂರಬಾರದು, ಹಾಗೆ."

"ಅಷ್ಟೇ ತಾನೇ, ಬುಡಿ ಅಮ್ಮಾರೇ. ನಾಳೀಕೆ ಆಕ್ತೀನಿ. ಆಡಲ್ಲ, ಅವುಗಳ ಒಡೆಯನೂ ಅತ್ರ ಬರಕ್ಕಿಲ್ಲ."

ಹಾಕಿದ, ಭರ್ಜರಿಯಾಗಿಯೇ ಹಾಕಿದ. ಆದರೆ ಒಣಗಿದ ಜಾಲಿ ಬಚ್ಚಲ ಒಲೆಗೆ ಚೆನ್ನಾಗಿ ಉರಿಯುತ್ತದೆ. ಹತ್ತು ಹದಿನೈದು ದಿನ ಕಳೆಯುವುದರೊಳಗೆ ಯಾರೋ ಪುಣ್ಯಾತ್ಮರು ಬೇಲಿಯನ್ನು ಕಿತ್ತುಕೊಂಡು ಹೋಗುತ್ತಿದ್ದರು. ತಿರುಮಲಮ್ಮನವರು ಬೈಯುತ್ತಿದ್ದರು, ಮರಿಸಿದ್ದಯ್ಯ ಮತ್ತೆ ಹೊಸದು ತಂದು ಹಾಕುತ್ತಿದ್ದ. ಹೀಗೆ ಎರಡು ತಿಂಗಳು ನಡೆಯಿತು. ಹೊಂಗೆ ಮೊಣಕಾಲುದ್ದ ಚಿಗುರಿತು. ಯಶೋದೆ ಈಗ ಪಾಷಾನ ಕೈ ಇಲ್ಲದೆ ಅರ್ಧ ಮೈಲಿ ತುಳಿಯುತ್ತಿದ್ದಳು.

ಆ ಎರಡು ತಿಂಗಳಲ್ಲೇ ದಾರಿಗೆ ಶನಿಯೂ ಹಿಡಿಯಿತು.

ಒಂದು ಸಂಜೆ ಏಳು ಸೈಕಲ್ಲುಗಳು ಒಟ್ಟಿಗೇ ಪಂಕ್ಚರ್ ಆದವು. ಅಪ್ಪಂದಿರು ಮಕ್ಕಳನ್ನು ಹೆಗಲ ಮೇಲೆ ಹೊತ್ತು, ಸೈಕಲ್ ತಳ್ಳಿಕೊಂಡು ಮನೆಗೆ ಬಂದರು. ಎರಡು ವಾರಕ್ಕೊಮ್ಮೆ ಮತ್ತೆ ಮತ್ತೆ ಹಾಗೇ ಆಯಿತು. ಈಗಿನ ಹಾಗೆ ಬೇಕೆಂದಾಗ ಟ್ಯೂಬು ಸಿಗುವ ಕಾಲವೇ ಅದು? ರಬ್ಬರೆಲ್ಲ ಯುದ್ಧಕ್ಕೆ ಹೋಗುತ್ತಿತ್ತು. ಒಂದು ಟ್ಯೂಬಿಗೆ ಅರ್ಜಿ ಹಾಕಿ ತಿಂಗಳುಗಟ್ಟಲೆ ಕಾಯಬೇಕಾಗಿತ್ತು. ಸೈಕಲ್ ಕೆಟ್ಟರೆ ಕೆಲಸಕ್ಕೆ ನಡೆದೇ ಹೋಗಬೇಕು. ಜನಕ್ಕೆ ಸಿಟ್ಟು ಬಾರದೆ ಇರುತ್ತದೆಯೇ?

"ಯಾರೋ ಬೇಕೂಂತ ಮುಳ್ಳು ಹಾಕ್ತಿದಾರೆ" ಎಂಬ ಮಾತು ಹುಟ್ಟಿತು. ಯಾರು ಎಂದು ಮಾತ್ರ ಯಾರಿಗೂ ತಿಳಿಯದು.

ತಿಳಿಸಿದವರು ತಿರುಮಲಮ್ಮ. ಒಂದು ಬೆಳಿಗ್ಗೆ ಎಂದಿನಂತೆ ಚೊಂಬು ಹಿಡಿದು ಏರಿ ಹತ್ತಿದವರು ದೂರದಲ್ಲಿ ನಯಾಜ್ ಪಾಷಾನನ್ನು ಕಂಡರು. ಅವನು ದಾರಿಯ ಮಧ್ಯೆ ಕುಕ್ಕುರುಗಾಲಲ್ಲಿ ಕೂತಿದ್ದ. ಪಕ್ಕದಲ್ಲಿ ಒಂದು ತಗಡಿನ ಡಬ್ಬಿ. ಕೈ ನೆಲಕ್ಕೂ ಡಬ್ಬಿಗೂ ಓಡಾಡುತ್ತಿತ್ತು. ತಿರುಮಲಮ್ಮನವರು ಹತ್ತಿರ ಹೋಗಿ ಏನಪ್ಪಾ ಎಂದು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ಅಲ್ಲಿಂದಲೇ ಹಿಂದಿರುಗಿದರು. ಸಸಿಗೆ ನೀರು ಕೂಡ ಹಾಕಲಿಲ್ಲ.

"ನೋಡ್ದೆ ಕಣೇ ಪಂಕಜ, ನನ್ನ ಕಣ್ಣಾರೆ ನೋಡ್ದೆ! ಮುಳ್ಳು ಹಾಕೋನೂ ಅವನೇ, ಪಂಕ್ಚರ್ ಹಾಕೋನೂ ಅವನೇ. ವ್ಯಾಪಾರ ನೋಡು, ಎಷ್ಟು ಚೆನ್ನಾಗಿದೆ!"

"ಅಮ್ಮ, ಕೇಳದೆ ಹೇಳ್ಬೇಡಿ. ಅವರು ಅಂಥವರಲ್ಲ. ಯಶೋದೆನ ಮೊದಲು ಸೈಕಲ್ ಮೇಲೆ ಕೂರಿಸಿದವರು ಯಾರು?"

"ಕಣ್ಣಲ್ಲಿ ಕಂಡದ್ದನ್ನ ಕೇಳ್ಬೇಕಾ?"

ಹತ್ತು ಗಂಟೆಯ ಹೊತ್ತಿಗೆ ಓಣಿಗೆ ತಿಳಿಯಿತು. ಸಂಜೆಯ ಹೊತ್ತಿಗೆ ಪೇಟೆಗೆ ತಿಳಿಯಿತು. ತಿರುಮಲಮ್ಮನವರೇ ಕಂಡಿದ್ದಾರೆ ಎಂದ ಮೇಲೆ ಮುಗಿಯಿತು, ಸಾಕ್ಷಿ ಯಾಕೆ ಬೇಕು? ಪಾಷಾನ ಅಂಗಡಿಯ ಮುಂದೆ ಸೈಕಲ್ ನಿಲ್ಲಿಸುವವರು ಕಡಿಮೆಯಾದರು. ಏರಿಗೆ ಹೋಗುವವರೂ ಕಡಿಮೆಯಾದರು. ದಾರಿ ಖಾಲಿ ಬಿದ್ದಿದೆಯಲ್ಲ, ನಮಗೆ ಬಿಡಿ ಎಂದು ಗಾಡಿಯವರು ವೆಂಕಟೇಶಮೂರ್ತಿಗಳ ಮನೆಗೆ ಬಂದು ಹೋದರು. ಮುಂದಿನ ಭಾನುವಾರ ಪಾರ್ಕಿನಲ್ಲಿ ಸಭೆ ಸೇರಿ ತೀರ್ಮಾನ ಮಾಡೋಣ ಎಂದು ಡಂಗುರ ಹೊಡೆಸಲಾಯಿತು.

"ಅಜ್ಜಿ, ಏರಿ ದಾರಿ ಮುಚ್ಚಿದ್ರೆ ನಾನೆಲ್ಲಿ ತುಳೀಲಿ?" ಎಂದಳು ಯಶೋದೆ.

ಹುಡುಗಿ ಈಗ ಗೋಡೆ ಬಿಟ್ಟು ಅಡುಗೆಮನೆಯವರೆಗೆ ನಡೆಯುತ್ತಿದ್ದಳು. ಜಗಲಿಯ ಮೆಟ್ಟಿಲು ಇಳಿಯಲು ಮಾತ್ರ ಇನ್ನೂ ಕೈ ಬೇಕು. ಇನ್ನು ಮೂರು ತಿಂಗಳು ಬಿಡದೆ ತುಳಿಸಿ ಎಂದಿದ್ದರು ಡಾಕ್ಟರು.

ಒಂದು ವಿಷಯ ತಿರುಮಲಮ್ಮನವರ ತಲೆ ತಿನ್ನಲು ಶುರುವಾಯಿತು. ಇಷ್ಟೆಲ್ಲ ಆದರೂ ಪಾಷಾ ಸಂಜೆ ಪುಟ್ಟ ಸೈಕಲ್ ತಂದು ನಿಲ್ಲಿಸುವುದನ್ನು ಬಿಟ್ಟಿರಲಿಲ್ಲ. ತಾನು ಮಾತ್ರ ನಿಲ್ಲುತ್ತಿರಲಿಲ್ಲ, ಸೈಕಲ್ ಇಟ್ಟು ಹೋಗುತ್ತಿದ್ದ. ಗುರುವಾರ ಯಶೋದೆ ಅದನ್ನು ತುಳಿಯುತ್ತಾ, "ಅಪ್ಪಾ, ಇದು ಗಟ್ಟಿ ಗಟ್ಟಿ ಓಡುತ್ತೆ" ಎಂದಳು. ಅನಂತರಾಮು ಬಗ್ಗಿ ಟೈರು ಒತ್ತಿ ನೋಡಿದರು. ಒಳಗೆ ಟ್ಯೂಬೇ ಇರಲಿಲ್ಲ. ಇನ್ನು ತೇಪೆ ಹಾಕಲು ಜಾಗವಿಲ್ಲದಷ್ಟು ಟ್ಯೂಬು ಹಾಳಾಗಿತ್ತು. ಪಾಷಾ ಟೈರಿನೊಳಗೆ ಹಳೆಯ ಬಟ್ಟೆ ಸುತ್ತಿ, ಬಿಗಿಯಾಗಿ ತುರುಕಿ ಕಳಿಸಿದ್ದ.

"ಮಗು ಒಂದು ದಿನಾನೂ ತಪ್ಪಿಸ್ಬಾರದು ಅಂತ ಹೀಗೆ ಮಾಡಿದಾರೆ" ಎಂದರು ಪಂಕಜಮ್ಮ. ಅಷ್ಟೇ ಹೇಳಿದರು. ಅತ್ತೆಯ ಮುಖ ನೋಡಲಿಲ್ಲ.

ಮುಳ್ಳು ಹಾಕುವವನು ಟೈರಿಗೆ ಬಟ್ಟೆ ತುರುಕುತ್ತಾನೆಯೇ? ತಿರುಮಲಮ್ಮನವರಿಗೆ ಆ ರಾತ್ರಿ ಊಟ ಸೇರಲಿಲ್ಲ.

ಶನಿವಾರ ಬೆಳಿಗ್ಗೆ ಸ್ವಲ್ಪ ಬೇಗನೆ ಏರಿಗೆ ಹೋದರು. ಸಸಿಗೆ ನೀರೆರೆದು, ತೂಬಿನ ಕಟ್ಟೆಯ ಮೇಲೆ ಕೂತರು. ಬೇಲಿ ಮತ್ತೆ ಹೋಗಿತ್ತು. ಇವತ್ತು ಹೊಸ ಮುಳ್ಳು ತರಲು ಮರಿಸಿದ್ದಯ್ಯನಿಗೆ ಹೇಳಿದ್ದರು. ಸ್ವಲ್ಪ ಹೊತ್ತಿಗೆ ದೂರದಲ್ಲಿ ಅವನು ಕಂಡ. ಹೆಗಲ ಮೇಲೆ ಹಗ್ಗ. ಹಗ್ಗದ ಕೊನೆಯಲ್ಲಿ ಆಳೆತ್ತರದ ಜಾಲಿ ಮುಳ್ಳಿನ ಹೊರೆ. ಅದನ್ನು ದರದರ ಎಳೆದುಕೊಂಡು ಏರಿಯ ದಾರಿಯ ಮೇಲೆಯೇ ಬರುತ್ತಿದ್ದ. ಹೊರೆಯ ಹಿಂದೆ ಮಣ್ಣಿನ ಮೇಲೆ ಬಾಚಣಿಗೆ ಎಳೆದಂಥ ಗೆರೆ.

ತಿರುಮಲಮ್ಮನವರು ಎದ್ದು ನಿಂತರು. ಕಾಲಡಿಯ ಮಣ್ಣನ್ನು ನೋಡಿದರು. ಬಗ್ಗಿದರು. ಹಿಂದಿನ ಹೊರೆಯಿಂದ ಉದುರಿದ ಬೆರಳುದ್ದದ ಬಿಳಿ ಮುಳ್ಳು. ಒಂದು ಮಾರು ಆಚೆ ಇನ್ನೊಂದು. ಅದರಾಚೆ ಮತ್ತೊಂದು, ತುದಿ ಮೇಲಕ್ಕೆ.

"ಮರಿಸಿದ್ದಯ್ಯ! ನಿಂತ್ಕೋ! ಅಲ್ಲೇ ನಿಂತ್ಕೋ! ಇದನ್ನ ಎಲ್ಲಿಂದ ಎಳ್ಕೊಂಡು ಬಂದೆ?"

"ಆ ತುದೀಯಿಂದ ಅಮ್ಮಾರೇ. ಊರ ಕಡೆ ಕಟ್ಟೆ ಮಗ್ಗುಲಲ್ಲಿ ಕಡ್ದೆ."

"ಒಂದೂವರೆ ಮೈಲೀನೂ ಹೀಗೇ ಎಳೆದ್ಯಾ? ಹೋದ ಸಲಾನೂ?"

"ಮತ್ತಿನ್ನೆಂಗೆ? ಮುಳ್ಳಿನ ಒರೆ ತಲೆ ಮ್ಯಾಲೆ ಒತ್ಕಂಡು ಬರಕಾಯ್ತದಾ? ಅಗ್ಗ ಕಟ್ಟಿ ಎಳೀಬೇಕು. ನಮ್ಮಪ್ಪನೂ ಎಳೀತಿದ್ದ, ನಾನೂ ಎಳೀತೀನಿ. ಗದ್ದೆ ಒಳಗೆ ಎಳುದ್ರೆ ಪೈರು ಓಯ್ತದೆ. ಈ ದಾರಿ ನುಣ್ಣಗದೆ, ಸಲೀಸು."

"ಎಷ್ಟು ಸಲ ತಂದೆ?"

"ನೀವೇ ಯೋಳಿ ಕಳಿಸಿದ್ರಲ್ಲ. ಇದು ಸೇರಿ ಐದು."

ಐದು ಸಲ. ಹಿಂದಿನ ನಾಲ್ಕು ಸಲವೂ ಆ ಸಂಜೆಯೇ ಸೈಕಲ್ಲುಗಳು ಮಲಗಿದ್ದವು. ತಿರುಮಲಮ್ಮನವರು ಬೆರಳು ಮಡಿಸಿ ಲೆಕ್ಕ ಹಾಕಲೂ ಇಲ್ಲ. ತೂಬಿನ ಕಟ್ಟೆಯ ಮೇಲೆ ಕುಸಿದು ಕೂತರು. ಮುಳ್ಳು ಹಾಕುತ್ತಿದ್ದದ್ದು ಪಾಷಾ ಅಲ್ಲ, ಅವನು ಹೆಕ್ಕುತ್ತಿದ್ದ. ಹಾಕಿಸುತ್ತಿದ್ದದ್ದು ತಾವು. ಮೊಮ್ಮಗಳು ಕಾಲು ಗಟ್ಟಿ ಮಾಡಿಕೊಳ್ಳುತ್ತಿದ್ದ ದಾರಿಗೆ ತಮ್ಮ ಕೈಯಾರೆ ಮುಳ್ಳು ಎಳೆಸಿದ್ದರು. ನಾಚಿಕೆಯಾಯಿತು. ಅಳುವೂ ಬಂತು.

"ನಾನೇನಾರಾ ತೆಪ್ಪು ಮಾಡಿದ್ನಾ ಅಮ್ಮಾರೇ?" ಎಂದ ಮರಿಸಿದ್ದಯ್ಯ.

"ನೀನಲ್ಲ ಕಣಪ್ಪ. ನಾನು. ಈ ಹೊರೆ ಇಲ್ಲೇ ಬಿಡು. ಒಂದು ಹೆಜ್ಜೇನೂ ಎಳೀಬೇಡ."

ಭಾನುವಾರ ಸಂಜೆ ಪಾರ್ಕಿನಲ್ಲಿ ನೂರಕ್ಕೂ ಹೆಚ್ಚು ಜನ ಸೇರಿದ್ದರು. ಗಾಡಿಯವರು ಒಂದು ಕಡೆ, ಸೈಕಲ್ಲಿನವರು ಒಂದು ಕಡೆ. ಪಾಷಾ ಎಲ್ಲರಿಂದ ದೂರ ತೂಬಿನ ಬಳಿ ಒಬ್ಬನೇ ನಿಂತಿದ್ದ. ಪಕ್ಕದಲ್ಲಿ ಅದೇ ತಗಡಿನ ಡಬ್ಬಿ. ವೆಂಕಟೇಶಮೂರ್ತಿಗಳು ಕನ್ನಡಕ ಸರಿಮಾಡಿಕೊಂಡು, "ಪಂಕ್ಚರಿನ ವಿಚಾರ ಎಲ್ಲರಿಗೂ ಗೊತ್ತಿದೆ. ದಾರಿಯನ್ನು ಯಾರೂ ಬಳಸುತ್ತಿಲ್ಲ. ಆದ್ದರಿಂದ" ಎಂದು ಶುರು ಮಾಡಿದರು.

"ತಡೀರಿ" ಎಂದು ಹೆಂಗಸರ ನಡುವಿನಿಂದ ತಿರುಮಲಮ್ಮನವರು ಎದ್ದರು. ಗಂಡಸರ ಸಭೆಯಲ್ಲಿ ಅವರು ಹಿಂದೆಂದೂ ಬಾಯಿ ತೆರೆದವರಲ್ಲ. ಓಣಿಯಲ್ಲಿ ಆಡುವುದೇ ಬೇರೆ, ಇದೇ ಬೇರೆ.

"ಮುಳ್ಳು ನಂದು" ಎಂದರು.

ಸಭೆಯಲ್ಲಿ ಯಾರಿಗೂ ಅರ್ಥವಾಗಲಿಲ್ಲ. ಅನಂತರಾಮು ಎದ್ದು ಅಮ್ಮನ ಕಡೆ ಬರಲು ಹೋದರು. ಪಂಕಜಮ್ಮ ಅವರ ತೋಳು ಹಿಡಿದು ಕೂರಿಸಿದರು.

"ನನ್ನ ಹೊಂಗೆ ಸಸಿಗೆ ಬೇಲಿ ಅಂತ ಮರಿಸಿದ್ದಯ್ಯನ ಕೈಲಿ ಜಾಲಿ ತರಿಸ್ದೆ. ಈ ದಾರಿ ಉದ್ದಕ್ಕೂ ಎಳೆದು ತಂದ. ಅವನ ತಪ್ಪಿಲ್ಲ, ಮುಳ್ಳನ್ನ ಎಲ್ಲರೂ ಹಾಗೇ ತರೋದು. ಹೇಗೆ ತರ್ತೀಯಾ ಅಂತ ನಾನು ಕೇಳ್ಲಿಲ್ಲ. ಪಾಷಾ ಬೆಳಿಗ್ಗೆ ಕೂತು ಅದನ್ನ ಹೆಕ್ತಿದ್ದ. ಏನು ಮಾಡ್ತೀಯಾ ಅಂತ ಅದನ್ನೂ ಕೇಳ್ಲಿಲ್ಲ. ಕೇಳದೆ ಇಡೀ ಪೇಟೆಗೆ ಹೇಳ್ದೆ. ಇವನು ಹೆಕ್ಕದೆ ಇದ್ದಿದ್ರೆ ಏಳಲ್ಲ, ಎಪ್ಪತ್ತು ಸೈಕಲ್ ಹೋಗ್ತಿದ್ವು. ನನ್ನ ಮೊಮ್ಮಗಳು ಇವತ್ತು ಎದ್ದು ನಿಲ್ತಾಳೆ ಅಂದ್ರೆ ಈ ದಾರಿಯಿಂದ, ಇವನಿಂದ. ಅಂಥವನ ಹೆಸರಿಗೆ ಮಸಿ ಬಳಿದೆ. ಪಾಷಾ, ತಪ್ಪಾಯ್ತಪ್ಪ. ದೊಡ್ಡವಳು ಅಂತ ನೋಡ್ಬೇಡ, ನನ್ನನ್ನ ಕ್ಷಮಿಸು."

ಪಾಷಾ ತಲೆ ತಗ್ಗಿಸಿ ಡಬ್ಬಿಯ ಮುಚ್ಚಳ ತೆಗೆದ. ಡಬ್ಬಿ ತುಂಬ ಮುಳ್ಳಿತ್ತು.

"ನಂಗೆ ಗೊತ್ತಿತ್ತು ಅಮ್ಮಾವ್ರೇ" ಎಂದ ಮೆಲ್ಲಗೆ.

"ಗೊತ್ತಿತ್ತಾ?"

"ಎಳೆದ ಗುರುತು ನಿಮ್ಮ ಸಸಿ ಹತ್ರಾನೇ ನಿಲ್ತಿತ್ತು. ಮೊದ್ಲು ಮೊದ್ಲು ತಿಳೀಲಿಲ್ಲ. ತಿಳ್ಯೋ ಹೊತ್ಗೆ ನೀವು ನನ್ನ ಹೆಸ್ರು ಹೇಳಿ ಆಗಿತ್ತು. ಆಮೇಲೆ ನಾನು ಬಾಯಿ ಬಿಟ್ರೆ ಸೇಡಿಗೆ ಹೇಳ್ದ ಅಂತಿದ್ರು. ನಿಮ್ಗೂ ಬೇಜಾರಾಗಿ ಮಗೂನ ಕಳಿಸೋದು ಬಿಟ್ಬಿಟ್ರೆ? ಅವಳಿಗಿನ್ನೂ ಮೂರು ತಿಂಗ್ಳು ತುಳೀಬೇಕಲ್ಲ. ಅದಕ್ಕೇ ಹೆಕ್ತಿದ್ದೆ. ಎಲ್ಲಾನೂ ಸಿಕ್ತಿರ್ಲಿಲ್ಲ."

ಅಷ್ಟು ಮಾತಿನ ತಿರುಮಲಮ್ಮನವರು ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತುಬಿಟ್ಟರು. ಹಾಗೇ ನಿಂತಿದ್ದಾಗ ಯಶೋದೆ ತನ್ನ ಜಾಗದಿಂದ ಎದ್ದಳು. ಯಾರ ಕೈಯನ್ನೂ ಹಿಡಿಯಲಿಲ್ಲ. ಹುಲ್ಲಿನ ಮೇಲೆ ಇಪ್ಪತ್ತು ಹೆಜ್ಜೆ ನಡೆದು ಅಜ್ಜಿಯನ್ನು ದಾಟಿ ಹೋಗಿ ಪಾಷಾನ ಪಕ್ಕ ನಿಂತಳು. ಆ ಇಪ್ಪತ್ತು ಹೆಜ್ಜೆಯನ್ನು ಇಡೀ ಸಭೆ ನೋಡಿತು. ಇನ್ನು ವಾದಕ್ಕೆ ಏನು ಉಳಿದಿತ್ತು? ಮೊದಲು ಮಾತಾಡಿದವನು ಗಾಡಿಯವರ ಪೈಕಿ ಹಿರಿಯನಾದ ಕೆಂಪಸಿದ್ದಯ್ಯ.

"ದಾರಿ ಮಕ್ಕಳಿಗೇ ಇರ್ಲಿ ಬುಡಿ ಸ್ವಾಮಿ. ಎತ್ತುಗೋಳು ಇನ್ನರ್ಧ ಮೈಲಿ ನಡೆದ್ರೆ ಸವೆದೋಗಲ್ಲ. ಸುಗ್ಗಿ ಕಳೀಲಿ, ನಮ್ಮ ಗಾಡೀಲೇ ಎರಡು ಲೋಡು ಮಣ್ಣು ತಂದು ಆಕ್ತೀವಿ."

ಮಾರನೆಯ ದಿನ ಬೆಳಕು ಹರಿಯುವ ಹೊತ್ತಿಗೆ ಮೂವತ್ತು ಮನೆಯವರು ಪೊರಕೆ ಹಿಡಿದು ಏರಿಗೆ ಬಂದರು. ಪಾಷಾನ ಹೆಂಡತಿ ಸರ್ವರ್ ಬೇಗಂ ಮತ್ತು ತಿರುಮಲಮ್ಮನವರು ತೂಬಿನ ಕಡೆಯಿಂದ ಶುರು ಮಾಡಿದರು. ಮಧ್ಯಾಹ್ನದ ಹೊತ್ತಿಗೆ ಒಂದೂವರೆ ಮೈಲಿಯೂ ಚೊಕ್ಕಟವಾಯಿತು. ಮುಳ್ಳಿನ ಬದಲು ಸಸಿಗಳಿಗೆ ಮೇದರವರು ಹೆಣೆದ ಬಿದಿರಿನ ತಡಿಕೆ ಸುತ್ತಿದರು. ದಾರಿಯ ಎರಡು ತುದಿಗೂ ಎರಡೆರಡು ಕಲ್ಲು ನೆಟ್ಟರು. ಅವುಗಳ ನಡುವೆ ಸೈಕಲ್ ತೂರುತ್ತದೆ, ಗಾಡಿ ತೂರದು. ಟ್ಯೂಬಿಗೆ ತೇಪೆ ಹಾಕಿಸಲು ಪಾಷಾನ ಅಂಗಡಿಯ ಮುಂದೆ ಮತ್ತೆ ಜನ ನಿಂತರು. ಕೆಲವರು ತಲೆ ತಗ್ಗಿಸಿ ನಿಂತರು, ಅವನು ಏನೂ ಆಗಿಲ್ಲವೆಂಬಂತೆ ಕೆಲಸ ಮಾಡಿಕೊಟ್ಟ. ಅಪ್ಪಣೆಯೂ ಮುಂದುವರಿಯಿತು.

ಮೂರು ತಿಂಗಳು ಕಳೆದ ಮೇಲೆ ಡಾಕ್ಟರು ಯಶೋದೆಯನ್ನು ಆಸ್ಪತ್ರೆಯ ಅಂಗಳದಲ್ಲಿ ಓಡಿಸಿ ನೋಡಿದರು. ಅವಳು ನಿಲ್ಲದೆ ಗೇಟು ದಾಟಿ ಓಡಿಬಿಟ್ಟಳು. ಅವಳನ್ನು ಹಿಡಿದು ತರಲು ಅನಂತರಾಮು ಓಡಬೇಕಾಯಿತು. "ಇನ್ನು ನನ್ನ ಹತ್ರ ಕರ್ಕೊಂಡು ಬರ್ಬೇಡಿ" ಎಂದು ನಕ್ಕರು ಡಾಕ್ಟರು. ತಿರುಮಲಮ್ಮನವರು ಮನೆಗೆ ಬಂದು ಸಜ್ಜಿಗೆ ಮಾಡಿದರು. ಮೊದಲ ಪಾಲು ಪಾಷಾನ ಮನೆಗೆ ಹೋಯಿತು. ತಾವೇ ತೆಗೆದುಕೊಂಡು ಹೋದರು.

ಅಮ್ಮಂದಿರೇ, ಅಪ್ಪಂದಿರೇ, ಅಜ್ಜಿ ತಾತಂದಿರೇ, ಇದು ಒಂದು ಮನೆಯ ಕಥೆ. ನಿಮ್ಮ ಮನೆಯಲ್ಲೂ ಬೆಳೆಯುವ ಕಾಲುಗಳಿವೆ. ರಸ್ತೆಯ ಧೂಳಿನಲ್ಲಿ, ಗಾಡಿಯ ಗಾಲಿಯ ಪಕ್ಕದಲ್ಲಿ ಅವು ಗಟ್ಟಿಯಾಗುವುದಿಲ್ಲ. ಮಂಡ್ಯದ ಏರಿ ದಾರಿಗೆ ಬನ್ನಿ. ಮದ್ದೂರಿನವರೇ, ಮಳವಳ್ಳಿಯವರೇ, ನಿಮ್ಮೂರಿನ ಕೆರೆಯ ಏರಿಯ ಮೇಲೂ ಇಂಥ ಒಂದು ದಾರಿ ಮಾಡಿಕೊಳ್ಳಬಹುದು. ಇಪ್ಪತ್ತು ಮನೆ ಮನಸ್ಸು ಮಾಡಿದರೆ ಸಾಕು. ಸೈಕಲ್ ಇಲ್ಲದವರು ನಡೆದು ಬನ್ನಿ. ಹೊರಡುವ ಮುಂಚೆ ಬ್ರೇಕು ನೋಡಿಕೊಳ್ಳಿ. ನೀರಿನ ಕಡೆ ದೊಡ್ಡವರು, ಗದ್ದೆಯ ಕಡೆ ಮಕ್ಕಳು. ಮುದುಕರು ನಡೆಯುತ್ತಿದ್ದರೆ ಗಂಟೆ ಬಾರಿಸಿ, ನಿಧಾನ ಮಾಡಿ. ಸಸಿಗೆ ಬಿದಿರು ಕಟ್ಟಿ. ಮುಳ್ಳಿನ ಹೊರೆಯನ್ನು ಏರಿಯ ಮೇಲೆ ಎಳೆಯಬೇಡಿ, ಎಳೆಸಬೇಡಿ.

ಇಷ್ಟೆಲ್ಲ ನೆನಪಿಟ್ಟುಕೊಳ್ಳಲು ಆಗದಿದ್ದರೆ ಇದೊಂದನ್ನಾದರೂ ನೆನಪಿಡಿ. ದಾರಿಯಲ್ಲಿ ಮುಳ್ಳು ಕಂಡರೆ ಯಾರು ಹಾಕಿದರು ಎಂದು ಕೇಳುತ್ತಾ ನಿಲ್ಲಬೇಡಿ. ಮೊದಲು ಬಗ್ಗಿ ಅದನ್ನು ಎತ್ತಿ. ನಿಮ್ಮ ಹಿಂದೆ ಒಂದು ಮಗು ಬರುತ್ತಿದೆ.